ಮೊದಲ ತುತ್ತು ದೊಡ್ಡವರದು

"ಅನ್ನ ತಿನ್ನೋದನ್ನೂ ಕಲಿಸ್ಕೊಡ್ತಾರಾ? ಅದಕ್ಕೂ ಒಂದು ಆಫೀಸು, ಅದಕ್ಕೂ ಒಂದು ಕುರ್ಚಿ!"

ಮದುವೆಮನೆಯೊಂದರ ಪಂಕ್ತಿಯಲ್ಲಿ ನನ್ನ ಚಿಕ್ಕಮ್ಮ ಹತ್ತು ಜನರಿಗೆ ಕೇಳುವಂತೆ ಹೀಗೆಂದಿದ್ದರು. "ಕುರ್ಚಿ ಇಲ್ಲ ಚಿಕ್ಕಮ್ಮ, ಚಾಪೆ" ಎಂದೆ. ಎಲ್ಲರೂ ನಕ್ಕರು. ಆದರೆ ನಾನು ಹೇಳಿದ್ದು ತಮಾಷೆಗಲ್ಲ. 2008ರಲ್ಲಿ ಸಂಜಯನಗರದ ಆ ಸಣ್ಣ ಕೇಂದ್ರಕ್ಕೆ ಸೇರಿದಾಗಿನಿಂದ 2019ರಲ್ಲಿ ನಿವೃತ್ತಳಾಗುವವರೆಗೆ ನನ್ನ ಕೆಲಸವೆಲ್ಲ ನಡೆದದ್ದು ಪ್ಲಾಸ್ಟಿಕ್ ಚಾಪೆಯ ಮೇಲೆ. ಚಾಪೆಗಳು ಹರಿದು ಹೊಸವು ಬಂದವು. ಮಂಡಿನೋವು ಮಾತ್ರ ಹಳೆಯದೇ ಉಳಿಯಿತು.

ನಡಿಗೆ ತಡವಾದ, ಮಾತು ತಡವಾದ, ಕೈ ಹೇಳಿದಂತೆ ಕೇಳದ ಪುಟ್ಟ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ತಟ್ಟೆ, ಚಮಚ, ಲೋಟ ಹಿಡಿದು ತಾವೇ ಉಣ್ಣುವುದನ್ನು ಅವರಿಗೆ ರೂಢಿ ಮಾಡಿಸುವುದು ನನ್ನ ಪಾಲಿನ ಕೆಲಸ. ನಾನು ಓದಿದ ಓದಿಗೆ ಉದ್ದನೆಯ ಹೆಸರಿತ್ತು. ಮಕ್ಕಳು ನನಗೆ ಇಟ್ಟ ಹೆಸರು "ಚಮಚದ ಮಿಸ್". ನಮ್ಮ ನಿರ್ದೇಶಕರ ಬೆನ್ನಿಗೇ ಸುತ್ತುತ್ತಿದ್ದ ಸಹೋದ್ಯೋಗಿಯೊಬ್ಬರನ್ನೂ ಜನ ಮರೆಯಲ್ಲಿ ಚಮಚ ಎಂದೇ ಕರೆಯುತ್ತಿದ್ದರು. ಹೀಗಾಗಿ ಯಾರಾದರೂ "ಚಮಚ ಇದ್ದಾರಾ?" ಎಂದು ಕೇಳಿದರೆ, ಯಾವ ಚಮಚ ಎಂದು ನಾವು ಮೊದಲು ವಿಚಾರಿಸಬೇಕಾಗುತ್ತಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಕೆಲವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಮೇಡಂ, ಫೀಲ್ಡ್ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅಂಟಂಟಾಗಿರುತ್ತದೆ, ತಾಯಂದಿರಾ. ಸಂಜೆ ಮನೆಗೆ ಹೋಗಿ ಸೀರೆ ಕೊಡವಿದರೆ ನೆರಿಗೆಯಿಂದ ಒಣಗಿದ ಅಗುಳು ಉದುರುತ್ತದೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಹೇಳದ ಇನ್ನೂ ಕೆಲವನ್ನು ಬರೆದಿಡೋಣವೆಂದು ಕುಳಿತಿದ್ದೇನೆ.

ನಮ್ಮ ನಿರ್ದೇಶಕರು ಹೊರದೇಶದಲ್ಲಿ ಕಲಿತು ಬಂದ ಡಾಕ್ಟರು. ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಬರುವಾಗ ಪೆಟ್ಟಿಗೆ ತುಂಬ ಬಣ್ಣಬಣ್ಣದ ಚಮಚ, ಮುಳ್ಳುಚಮಚ ತಂದಿದ್ದರು. ಬೇಯಿಸಿದ ಬಟಾಣಿ, ಆಲೂಗಡ್ಡೆಯ ಹೋಳು ಎಂದು ಅವರ ಪುಸ್ತಕದಲ್ಲಿ ಪಾಠ ಇತ್ತು. ನಮ್ಮ ಮಕ್ಕಳು ಮನೆಯಲ್ಲಿ ತಿನ್ನುವುದು ಅನ್ನ ಸಾರು ಅಲ್ಲವೇ ಎಂದುಕೊಂಡು ನಾನು ಮೊದಲ ದಿನವೇ ಸಾರನ್ನ ಇಟ್ಟೆ. ಸಾರು ಚಮಚದಿಂದ ಮಗುವಿನ ಮೊಣಕೈಗೆ, ಅಲ್ಲಿಂದ ಚಾಪೆಗೆ, ಚಾಪೆಯಿಂದ ನಿರ್ದೇಶಕರ ಪ್ಯಾಂಟಿಗೆ ಹರಿಯಿತು. "ಇದು ಥೆರಪಿನೋ ಅಭಿಷೇಕಾನೋ?" ಎಂದು ಕೂಗಾಡಿದರು. ಬಟಾಣಿಯೂ ಕೆಲಸಕ್ಕೆ ಬರಲಿಲ್ಲ, ಉರುಳಿಕೊಂಡು ಗೋಡೆ ಸೇರಿತು. ಹಾಗೆ ಬಿದ್ದೂ ಎದ್ದೂ ನಾವು ಕಲಿತೆವು: ಮೊದಲು ಗಟ್ಟಿ ಮೊಸರನ್ನ, ಅದು ಚಮಚಕ್ಕೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಉಪ್ಪಿಟ್ಟು. ಸಾರನ್ನ ಎಲ್ಲಕ್ಕಿಂತ ಕೊನೆಗೆ. ತಟ್ಟೆಗೆ ನೆಟ್ಟಗಿನ ಅಂಚಿರಬೇಕು, ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಬೇಕು. ಯಶವಂತಪುರದ ಪಾತ್ರೆ ಅಂಗಡಿಯ ಸ್ಟೀಲ್ ಚಮಚಕ್ಕೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿದರೆ ಸಾಕು. ಬಣ್ಣದ ಚಮಚಗಳ ಪೆಟ್ಟಿಗೆ ಬೀರುವಿನ ಮೇಲೆ ಹತ್ತಿ ಕುಳಿತದ್ದು ನಾನು ನಿವೃತ್ತಳಾಗುವವರೆಗೂ ಇಳಿಯಲಿಲ್ಲ.

ಸಹಕಾರನಗರದಿಂದ ಬಸು ಎಂಬ ಮೂರು ವರ್ಷದ ಹುಡುಗ ಬರುತ್ತಿದ್ದ. ತಂದೆ ಬಾಗಲಕೋಟೆ ಕಡೆಯವರು, ಇಲ್ಲಿ ಕಾಲೇಜಿನಲ್ಲಿ ಮೇಷ್ಟ್ರು. ಕೈಯಲ್ಲಿ ಏನು ಕೊಟ್ಟರೂ ತಿನ್ನುವ ಹುಡುಗ, ಚಮಚ ಕಂಡೊಡನೆ ಬಾಯಿ ಬಿಗಿದು ಮುಖ ತಿರುಗಿಸುತ್ತಿದ್ದ. ಬಾಯೊಳಗಿನ ಸ್ಪರ್ಶವನ್ನು ಸಹಿಸುತ್ತಿಲ್ಲವೆಂದು ನಿರ್ದೇಶಕರು ತೀರ್ಮಾನಿಸಿ, ತುಟಿ, ಕೆನ್ನೆ ತೀಡುವ ಚಿಕಿತ್ಸೆ ಶುರುಮಾಡಿಸಿದರು. ವಾರಗಟ್ಟಲೆ ತೀಡಿದೆವು. ಕೊನೆಗೆ ಒಂದು ದಿನ ಅವನ ತಂದೆ ಸಂಕೋಚದಿಂದಲೇ ಬಾಯಿಬಿಟ್ಟರು: "ಮೇಡಂ, ಒಂದ್ ಮಾತು ಹೇಳ್ಲ್ಯಾ? ನಾವು ಮನ್ಯಾಗ ಉಣ್ಣೂದು ರೊಟ್ಟಿ ಪಲ್ಯಾ. ಚಮಚಾ ತಗ್ಯೂದು ಔಷಧ ಹಾಕಾಕಷ್ಟ ರೀ."

ಮಗು ಇಷ್ಟು ದಿನ ಬಾಯಿ ಮುಚ್ಚಿದ್ದು ಕಹಿ ಔಷಧಕ್ಕೆ! ಅಂದೇ ಅವನ ಚಮಚಕ್ಕೆ ಬೆಲ್ಲ ಹಾಕಿದ ತುಪ್ಪ ಸವರಿಕೊಟ್ಟೆ. ಅದನ್ನು ನೆಕ್ಕಿ, ಚಮಚವನ್ನು ಅತ್ತಿತ್ತ ತಿರುಗಿಸಿ ನೋಡಿ, ಇನ್ನೊಮ್ಮೆ ಬೇಕೆಂದು ಚಾಚಿದ. ಅಂದಿನಿಂದ ನಾನು ಮಗುವಿನ ಕೈ ನೋಡುವ ಮೊದಲು ಮನೆ ನೋಡತೊಡಗಿದೆ. ಊಟದ ಹೊತ್ತಿಗೆ ಅವರ ಮನೆಗೆ ಹೋಗಿ, ಯಾರು ಎಲ್ಲಿ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ ಎಂದು ಸುಮ್ಮನೆ ನೋಡುವುದು. ನಿರ್ದೇಶಕರು ಇದಕ್ಕೆ "ಪುಕ್ಕಟೆ ಊಟದ ಸ್ಕೀಮು" ಎಂದು ಹೆಸರಿಟ್ಟರು, ಆದರೆ ಬೇಡವೆನ್ನಲಿಲ್ಲ.

ಇನ್ನು ಸಿಂಚನಳ ವಿಷಯ. ನಾನು ಬರೆಯಲು ಕುಳಿತದ್ದೇ ಅವಳಿಗಾಗಿ.

2013ರ ಸುಮಾರಿಗೆ ಅಬ್ಬಿಗೆರೆಯ ಮುನಿಯಮ್ಮ ಎಂಬ ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು, ಎರಡು ಬಸ್ಸು ಹತ್ತಿ ಇಳಿದು ನಮ್ಮಲ್ಲಿಗೆ ಬಂದರು. ಅಬ್ಬಿಗೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ. ಮಗ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ರಸ್ತೆಯಲ್ಲೇ. ಸೊಸೆ ಸುಮಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಸಿಂಚನಳಿಗೆ ಆಗ ನಾಲ್ಕು ವರ್ಷ. ಹುಟ್ಟುವಾಗ ಆದ ತೊಂದರೆಯಿಂದ ಅವಳ ಬಲಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಎಡಗೈ ಚುರುಕಾಗಿತ್ತು. ಮಾತಂತೂ ಪಟಪಟ. ಆದರೆ ಅಜ್ಜಿಯ ಕೈಯಿಂದ ಬಿಟ್ಟರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ, ಹೆತ್ತ ತಾಯಿ ತಿನ್ನಿಸಲು ಬಂದರೂ ಉಗುಳುತ್ತಿದ್ದಳು. ಅಂಗನವಾಡಿಯವರು ಮಧ್ಯಾಹ್ನದವರೆಗೆ ಉಪವಾಸ ಕೂತ ಮಗುವನ್ನು ನೋಡಲಾರದೆ ವಾಪಸು ಕಳಿಸಿದ್ದರು.

ಮುನಿಯಮ್ಮ ಚಾಪೆಯ ಮೇಲೆ ಕುಳಿತು ಸೀರೆ ಸ್ವಲ್ಪ ಸರಿಸಿ ಕಾಲು ತೋರಿಸಿದರು. ಎರಡೂ ಪಾದ ಬಾತುಕೊಂಡಿದ್ದವು.

"ಗುಂಡ್ಗೆ ನೀರು ತಡೀತಿಲ್ವಂತೆ ಕಣವ್ವ. ಎಚ್ಚು ದಿನ ಇಲ್ಲ ಅಂತ ಡಾಕ್ಟ್ರು ಏಳವ್ರೆ. ನಾನಿರಗಂಟ ನಾನು ಉಣಿಸ್ತೀನಿ. ಆಮೇಕೆ? ನಾನು ಓಗೋ ಒತ್ಗೆ ಇದು ತಾನೇ ಉಣ್ಣಂಗೆ ಮಾಡ್ಕೊಡು. ಬ್ಯಾರೆ ಏನೂ ಬ್ಯಾಡ."

ನನ್ನ ಕೆಲಸಕ್ಕೆ ಗಡುವು ಕೊಟ್ಟವರು ಬೇಕಾದಷ್ಟು ಜನ. ಶಾಲೆ ಸೇರಿಸುವ ಮೊದಲು, ಹಬ್ಬಕ್ಕೆ ನೆಂಟರು ಬರುವ ಮೊದಲು ಎಂದು. ಇಂಥ ಗಡುವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನು ಹೆದರಿದೆ.

ಎಡಗೈ ಚೆನ್ನಾಗಿದೆಯಲ್ಲ, ಅದಕ್ಕೇ ಚಮಚ ಹಿಡಿಸೋಣ ಎಂದೆ. ಮುನಿಯಮ್ಮ ಮಗುವಿನ ಎಡಗೈಯನ್ನು ತಟ್ಟನೆ ತಮ್ಮ ಸೆರಗಿನೊಳಗೆ ಎಳೆದುಕೊಂಡರು.

"ಎಡಗೈಲಿ ಉಣ್ಣದಾ? ಆಗಾಕಿಲ್ಲ. ಬಲಗೈಗೇ ಕಲ್ಸು."

ಆ ಬಲಗೈ ಚಮಚ ಹಿಡಿಯುವ ಕೈಯಲ್ಲ ಎಂದು ತಿಳಿಯಹೇಳಿದೆ. ಕೇಳಲಿಲ್ಲ. ನಿರ್ದೇಶಕರು ಬಂದು, "ನೋಡಿ ಅಜ್ಜಿ, ಮೆದುಳಿಗೆ ಎಡ ಬಲ ಅಂತ ಶಾಸ್ತ್ರ ಏನೂ ಗೊತ್ತಿರಲ್ಲ" ಎಂದು ದನಿ ಏರಿಸಿದರು.

"ಮೆದುಳ್ಗೆ ಗೊತ್ತಿಲ್ದೆ ಇರ್ಬೋದು ಸಾಮಿ. ನೆಂಟ್ರಿಗೆ ಗೊತ್ತದೆ" ಎಂದರು ಮುನಿಯಮ್ಮ. "ನಾಳೆ ಇದು ಯಾವ್ದೋ ಪಂಕ್ತೀಲಿ ಕುಂತ್ಕಂಡು ಎಡಗೈಲಿ ಉಂಡ್ರೆ, ಪಕ್ಕದೋರು ಎಲೆ ಎಳ್ಕಂಡು ದೂರ ಕುಂತ್ಕತ್ತಾರೆ. ಆವಾಗ ಕೇಳಾಕೆ ನಾನಿರಾಕಿಲ್ಲ."

ಅದು ಮೊಂಡುತನವಲ್ಲ, ಭಯ ಎಂದು ನನಗೆ ಅರ್ಥವಾಯಿತು. ಅರ್ಥವಾದರೂ ಉಪಾಯ ಹೊಳೆಯಲಿಲ್ಲ. ಮುಚ್ಚಿದ ಮುಷ್ಟಿಯ ಸಂದಿಗೆ ಚಮಚ ಸಿಕ್ಕಿಸಿ, ಪಟ್ಟಿ ಕಟ್ಟಿ, ಏನೇನೋ ಮಾಡಿದೆ. ಚಮಚ ಬಾಯಿಗೆ ಬರುವ ಬದಲು ಕಿವಿಗೆ, ಕುತ್ತಿಗೆಗೆ ಹೋಗುತ್ತಿತ್ತು. ಸಿಂಚನ ಅಳುತ್ತಿದ್ದಳು. ಅಳು ಕೇಳಲಾರದೆ ಮುನಿಯಮ್ಮ ತಟ್ಟೆ ಎಳೆದುಕೊಂಡು ತಾವೇ ಉಣಿಸಿಬಿಡುತ್ತಿದ್ದರು. ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಒಮ್ಮೆ ಸಿಟ್ಟು ತಡೆಯದೆ, "ನೀವೇ ತಿನ್ನಿಸ್ತಾ ಹೋದ್ರೆ ಅವಳು ಕಲಿಯೋದು ಯಾವಾಗ? ನಿಮ್ಮ ಕೈ ಸುಮ್ನಿರಲ್ವಾ?" ಎಂದು ಕೂಗಿದೆ. ಮುನಿಯಮ್ಮ ಕೈಯನ್ನೇ ನೋಡಿಕೊಂಡು, "ಸುಮ್ಕಿರಾಕಿಲ್ಲ ಕಣವ್ವ. ಇದ್ಕೆ ಉಣಿಸದು ಬಿಟ್ರೆ ಇನ್ಯಾವ ಕೆಲ್ಸ ಉಳ್ಕಂಡದೆ ನಂಗೆ?" ಎಂದರು. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಆಮೇಲೆ ಅವರು ಬರುವುದೇ ನಿಂತಿತು. ಕಾಲಿನ ಬಾವು ಮೇಲೇರಿ ಬಸ್ಸು ಹತ್ತಲಾಗುತ್ತಿಲ್ಲವೆಂದು ಸುಮಾ ಫೋನ್ ಮಾಡಿದಳು. "ಮೇಡಂ, ಅತ್ತೆ ದಿನಾ ನಿಮ್ಮನ್ನೇ ಕೇಳ್ತಿರ್ತಾರೆ. ಒಂದ್ಸಲ ಮನೆ ಕಡೆ ಬರ್ತೀರಾ?" ಎಂದಳು.

ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಸುತ್ತಲೂ ಬಾಡಿಗೆ ಮನೆಗಳು ಎದ್ದು, ನಡುವೆ ಅವರ ಹೆಂಚಿನ ಮನೆ ಸಿಕ್ಕಿಕೊಂಡಿತ್ತು. ಸುಮಾ ಕೆಲಸಕ್ಕೆ ಹೋಗಿದ್ದಳು. ಸಿಂಚನಳಿಗೆ ಉಣಿಸಿ ಮುಗಿಸಿದ್ದ ಮುನಿಯಮ್ಮ ಗೋಡೆಗೊರಗಿ ಕುಳಿತು ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ನಾನು ರೂಢಿಯಂತೆ ಸುಮ್ಮನೆ ನೋಡುತ್ತ ಕುಳಿತೆ. ಬಿಕ್ಕಳಿಕೆ ಬಂತು. ಅವರು ಎಡಗೈ ಚಾಚಿ ನೀರಿನ ಲೋಟ ಎತ್ತಿ ಕುಡಿದು ಕೆಳಗಿಟ್ಟರು. ಇನ್ನಷ್ಟು ಸಾರು ಬೇಕೆನಿಸಿತು. ಪಾತ್ರೆಯಲ್ಲಿದ್ದ ಸೌಟನ್ನು ಎಡಗೈಯಲ್ಲೇ ಹಿಡಿದು ತಟ್ಟೆಗೆ ಬಿಟ್ಟುಕೊಂಡರು.

ನಮ್ಮ ಮನೆಯಲ್ಲೂ ಹಾಗೆಯೇ, ನಿಮ್ಮ ಮನೆಯಲ್ಲೂ ಹಾಗೆಯೇ. ಹುಟ್ಟಿದಾಗಿನಿಂದ ನೋಡಿದ್ದೆ. ಆ ಕ್ಷಣದವರೆಗೆ ನನಗೆ ಅದು ಕಂಡಿರಲಿಲ್ಲ.

"ಮುನಿಯಮ್ಮ, ಸೌಟು ಯಾಕೆ ಎಡಗೈಲಿ ಹಿಡಿದ್ರಿ?"

"ಬಲಗೈ ಎಂಜ್ಲಾಗ್ಯದಲ್ಲವ್ವ. ಎಂಜ್ಲು ಕೈಲಿ ಸೌಟು ಮುಟ್ತಾರಾ?"

"ಹಾಗಾದ್ರೆ ಊಟದ ಮಧ್ಯೆ ಎಡಗೈ ಸೌಟು ಹಿಡೀಬಹುದು."

"ಇಡೀಬೋದು. ಅನ್ನ ಮುಟ್ಬಾರ್ದು ಅಷ್ಟೇಯ."

"ಚಮಚ ಅಂದ್ರೆ ಸಣ್ಣ ಸೌಟು ತಾನೇ? ಸಿಂಚನ ಅನ್ನ ಮುಟ್ಟಲ್ಲ. ಚಮಚ ಮುಟ್ಟುತ್ತೆ."

ಮುನಿಯಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಬಾಗಿಲಲ್ಲಿ ಆಡುತ್ತಿದ್ದ ಮೊಮ್ಮಗಳ ಕಡೆ ನೋಡಿದರು. "ಬಲಗೈ ತಟ್ಟೆ ಮ್ಯಾಲೆ ಇರ್ಲಿ. ಅದ್ರ ಮರ್ವಾದೆ ಅದ್ಕಿರ್ಲಿ" ಎಂದರು.

ಆ ಮಾತಿನ ಬೆಲೆ ಈ ಕೆಲಸ ಬಲ್ಲವರಿಗೆ ಗೊತ್ತು. ಸೋತ ಕೈಯನ್ನು ತೊಡೆಯ ಮೇಲೆ ಮರೆತುಬಿಡಬಾರದು, ಅದಕ್ಕೂ ಏನಾದರೂ ಕೆಲಸ ಕೊಡಬೇಕು ಎನ್ನುವುದೇ ನಮ್ಮ ಓದಿನ ಮೊದಲ ಪಾಠ. ಬಲ ಮುಷ್ಟಿ ತಟ್ಟೆ ಒತ್ತಿ ಹಿಡಿಯುವುದು, ಎಡಗೈ ಚಮಚ ಎತ್ತುವುದು. ನನಗೆ ಬೇಕಾದದ್ದೂ ಅದೇ, ಅವರಿಗೆ ಬೇಕಾದದ್ದೂ ಅದೇ. ಮುನಿಯಮ್ಮ ತಮ್ಮ ಹಳೆಯ ಹಸಿರು ಸೀರೆಯ ಅಂಚು ಹರಿದು ಚಮಚದ ಹಿಡಿಗೆ ತಾವೇ ಬಿಗಿಯಾಗಿ ಸುತ್ತಿದರು.

ಉಳಿದದ್ದು ಅವರ ಕೈ. ಮಗು ಎರಡು ಚಮಚ ತಿಂದು ಮೂರನೆಯದನ್ನು ಚೆಲ್ಲಿದ ಕೂಡಲೇ ಅದು ತಟ್ಟೆಗೆ ಬಂದುಬಿಡುತ್ತಿತ್ತು. ನಾನು ಬಯ್ಯಲಿಲ್ಲ. ಅವರ ತಟ್ಟೆಯನ್ನೂ ಮಗುವಿನ ಎದುರಿಗೇ ಇಟ್ಟು, "ಮೊದಲ ತುತ್ತು ನೀವು ತಿನ್ನಿ, ಆಮೇಲೆ ಅವಳು" ಎಂದೆ. ಅವರು ತಿಂದರು. ಮಗು ಚೆಲ್ಲಿತು. ಕೈ ಚಾಚಿದರು, ಚಾಚಿ ಅರ್ಧಕ್ಕೇ ತಡೆದರು. ಬೆರಳೆಲ್ಲ ಮುದ್ದೆ, ಸಾರು. ಎಂಜಲು ಕೈಯಲ್ಲಿ ಮಗುವಿಗೆ ಉಣಿಸುವ ಪೈಕಿ ಅಲ್ಲ ಅವರು. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ಎಲಾ ಕಿಲಾಡಿ! ನನ್ ಕೈ ಕಟ್ಟಾಕ್ಬುಟ್ಟೆಯಲ್ಲ" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಎಂಜಲು ಮಾಡಿಕೊಂಡಳೆಂದರೆ ಇನ್ನು ತನಗೆ ತಾನೇ ಗತಿ ಎಂದು ಸಿಂಚನ ಬೇಗ ತಿಳಿದುಕೊಂಡಳು. ಅಷ್ಟೇ ಅಲ್ಲ, ಅಜ್ಜಿ ಎದುರಿಗೆ ಉಣ್ಣುವುದು ಅವಳಿಗೆ ಇಷ್ಟವೂ ಆಯಿತು. ಎಲ್ಲರಿಗೂ ಉಣಿಸಿ ಕೊನೆಗೆ ಮೂಲೆಯಲ್ಲಿ ಕುಳಿತು ಉಣ್ಣುವ ಅಜ್ಜಿಯನ್ನು ಅವಳು ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. "ಅಜ್ಜಿ, ಮೊದ್ಲು ನೀನು" ಎನ್ನುವುದು ಅವಳ ಆಟವಾಯಿತು. ನಾನು ಹೋದಾಗಲೆಲ್ಲ ಚೆಲ್ಲುವುದು ಕಡಿಮೆಯಾಗಿರುತ್ತಿತ್ತು, ಮುನಿಯಮ್ಮನ ಉಸಿರು ಹೆಚ್ಚು ಕಟ್ಟುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವುದು ಕಷ್ಟವಾಗಿತ್ತು. ವಾಪಸು ಬಸ್ಸಿನಲ್ಲಿ, ಇನ್ನೂ ಸ್ವಲ್ಪ ಸಮಯ ಕೊಡಪ್ಪಾ ಎಂದು ಯಾರನ್ನೋ ಕೇಳಿಕೊಳ್ಳುತ್ತಿದ್ದೆ. ನಾನು ದೇವರು ದಿಂಡರು ಎನ್ನುವವಳೇ ಅಲ್ಲ.

ಈ ಮೊದಲ ತುತ್ತಿನ ಕ್ರಮವನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ಹೇಳಿಕೊಟ್ಟೆ. ಮೊಬೈಲ್ ತೋರಿಸಿ ತಿನ್ನಿಸುವ ಕಾಲ ಬಂದಾಗ ಇದು ಇನ್ನಷ್ಟು ಕೆಲಸಕ್ಕೆ ಬಂತು, ಏಕೆಂದರೆ ಎಂಜಲು ಕೈಯಲ್ಲಿ ಮೊಬೈಲನ್ನೂ ಮುಟ್ಟಲಾಗುವುದಿಲ್ಲ. ಎಡಗೈಯಲ್ಲಿ ಒತ್ತುವ ಕಿಲಾಡಿ ತಾಯಂದಿರೂ ಇದ್ದರು. ಅವರ ಎಡಗೈಗೆ ನೀರಿನ ಲೋಟ ಕೊಟ್ಟು ಕೂರಿಸುತ್ತಿದ್ದೆ.

ಮರುವರ್ಷ ಅವರೆಕಾಯಿಯ ಕಾಲ ಇನ್ನೂ ಮುಗಿದಿರಲಿಲ್ಲ, ಮುನಿಯಮ್ಮ ಹೋದರು. ನಾನು ತಿಥಿಗೆ ಹೋದೆ. ಈ ವೃತ್ತಿಯಲ್ಲಿ ಮನೆಗಳ ಒಳಗೆ ತೀರಾ ಹೋಗಬಾರದೆಂದು ನಿಮಗೆ ಹೇಳಿಕೊಡುತ್ತಾರೆ. ನಾನಂತೂ ಹೋದೆ.

ತಲೆ ಬೋಳಿಸಿಕೊಂಡ ಮಗ ಅತ್ತಿಂದಿತ್ತ ಓಡಾಡುತ್ತಿದ್ದ. ಗೋಡೆಗೆ ಒರಗಿಸಿದ ಫೋಟೋದ ಮುಂದೆ ಎಲೆ ಹಾಕಿ ಎಡೆ ಬಡಿಸಿದ್ದರು: ಮುದ್ದೆ, ಮುನಿಯಮ್ಮನಿಗೆ ಇಷ್ಟವಾದ ಅವರೆಕಾಳು ಸಾರು, ಪಕ್ಕದಲ್ಲಿ ಎಲೆ ಅಡಿಕೆ. ಸಿಂಚನ ತಾಯಿಯ ಮಗ್ಗುಲಲ್ಲಿ ನಿಂತು ಎಡೆಯನ್ನೇ ನೋಡುತ್ತಿದ್ದಳು.

"ಅಮ್ಮ, ಅಜ್ಜಿಗೆ ಯಾರು ತಿನ್ನಿಸ್ತಾರೆ?"

ಸುಮಾ, "ಅಜ್ಜಿನೇ ತಿಂತಾರೆ ಪುಟ್ಟಾ" ಎಂದಳು.

ಸಿಂಚನ ಒಳಗೆ ಹೋಗಿ ಬಂದಳು. ಎಡಗೈಯಲ್ಲಿ ಹಸಿರು ಅಂಚು ಸುತ್ತಿದ ಚಮಚವಿತ್ತು. ಯಾರೂ ತಡೆಯುವ ಮುನ್ನ ಬಗ್ಗಿ ಅದನ್ನು ಎಡೆಯ ಮೇಲೆ, ಮುದ್ದೆಗೆ ತಾಗಿಸಿ ಇಟ್ಟಳು.

"ಏ, ಏ! ಎಡಗೈಲಿ ಎಡೆ ಮುಟ್ಬಾರ್ದು ಕಣಮ್ಮ" ಎಂದು ಹಿರಿಯ ನೆಂಟರೊಬ್ಬರು ಮುಂದೆ ಬಂದರು.

"ನಾನು ಮುಟ್ಟಿಲ್ಲ ತಾತ. ಚಮಚ ಮುಟ್ಟಿದ್ದು" ಎಂದಳು ಸಿಂಚನ.

ಆ ಹಿರಿಯರು ಫೋಟೋ ನೋಡಿದರು, ಹುಡುಗಿಯ ಮುಷ್ಟಿ ಕಟ್ಟಿದ ಬಲಗೈ ನೋಡಿದರು. ಹಿಂದೆ ಸರಿದರು. ಚಮಚ ಅಲ್ಲೇ ಉಳಿಯಿತು.

ಪಂಕ್ತಿ ಹಾಕಿದಾಗ ಸಿಂಚನಳ ಪಕ್ಕದ ಎಲೆಗೆ ಬಂದು ಕುಳಿತವರೂ ಅವರೇ. ಅವರು ಎಲೆ ಎಳೆದುಕೊಳ್ಳಲಿಲ್ಲ. ಅಡಿಗೆಮನೆಯ ಕಡೆ ತಿರುಗಿ, "ಈ ಮಗೀಗೆ ಒಂದು ಚಮಚ ತಂದ್ಕೊಡ್ರಪ್ಪ" ಎಂದು ಕೂಗಿದರು. ಬಂದದ್ದು ಬಟ್ಟೆ ಸುತ್ತದ ಬರಿಯ ಸ್ಟೀಲ್ ಚಮಚ. ಸಿಂಚನ ಅದನ್ನು ಎಡಗೈಯಲ್ಲಿ ಹಿಡಿದು, ಬಲ ಮುಷ್ಟಿಯಿಂದ ಎಲೆಯ ಅಂಚನ್ನು ಒತ್ತಿಕೊಂಡಳು.

ಸುಮಾ ಅವಳ ಇನ್ನೊಂದು ಪಕ್ಕದಲ್ಲಿದ್ದಳು. ಅತ್ತೆ ಹೋದಾಗಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ತನ್ನ ಎಲೆಯನ್ನು ಮುಟ್ಟದೆ, ಮಗಳ ಎಲೆಯಿಂದ ಒಂದು ತುತ್ತು ಅನ್ನ ಕಲಸಿ ಅವಳ ಬಾಯಿಯ ಹತ್ತಿರ ತಂದಳು. "ಇವತ್ತೊಂದಿನ ನಾನು ತಿನ್ನಿಸ್ತೀನಿ ಕಣೇ" ಎಂದಳು. ನಾಲ್ಕೈದು ವರ್ಷ ತನ್ನ ಕೈಗೆ ಬಾಯಿ ತೆರೆಯದ ಮಗಳು ಇವತ್ತಾದರೂ ತೆರೆದಾಳೆಂದು ಅವಳ ಕೈ ಕಾಯುತ್ತಿತ್ತು.

ಸಿಂಚನ ಬಾಯಿ ತೆರೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಜ್ಜಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು:

"ಅಮ್ಮ, ಮೊದ್ಲು ನೀನು."

ಸುಮಾ ಕೈಯಲ್ಲಿದ್ದ ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು. ಅದನ್ನು ಅವಳು ನುಂಗುವವರೆಗೆ ಕಾದಿದ್ದು, ಸಿಂಚನ ತನ್ನ ಚಮಚ ಎತ್ತಿದಳು.